ರಸ್ತೆ ಯಾರದು? ದಟ್ಟಣೆ ಶುಲ್ಕ ಮತ್ತು ನ್ಯಾಯದ ಪ್ರಶ್ನೆ

(ಸಂಘದ ವಾರ್ಷಿಕ ಸಮಾವೇಶದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ದಾರಿಯಲ್ಲಿ ಜನರಿಗೆ ತೊಂದರೆ ಕೊಡುವ ವಸ್ತುವನ್ನು ಸರಿಸುವುದೂ ಈಮಾನಿನ ಒಂದು ಭಾಗವೆಂದು ಪ್ರವಾದಿ(ಸ)ಯವರು ಕಲಿಸಿದ್ದಾರೆ. ಕಲ್ಲುಮುಳ್ಳಾದರೆ ಕೈಯಿಂದ ಸರಿಸಬಹುದು. ಆದರೆ ಇಂದಿನ ಮಹಾನಗರಗಳಲ್ಲಿ ದಾರಿಗೆ ಅಡ್ಡವಾಗಿರುವುದು ನಮ್ಮ ವಾಹನಗಳೇ. ಒಬ್ಬರೇ ಕುಳಿತು ಹೋಗುವ ಕಾರುಗಳ ಸಾಲು, ಹಿಂದಿನ ಬಸ್ಸಿನಲ್ಲಿ ನಿಂತವರ ಸಮಯವನ್ನು ಕಸಿದುಕೊಳ್ಳುತ್ತದೆ. ಈ ನಷ್ಟಕ್ಕೆ ಬೆಲೆ ಕಟ್ಟಬೇಕೆಂದು ವಾದಿಸಿದವರು ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ. ಅವರಿಗೆ 1996ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಸಿಂಗಪುರ 1975ರಲ್ಲಿ, ಲಂಡನ್ 2003ರಲ್ಲಿ, ನ್ಯೂಯಾರ್ಕ್ 2025ರಲ್ಲಿ ಇಂಥ ದಟ್ಟಣೆ ಶುಲ್ಕವನ್ನು ಜಾರಿಗೆ ತಂದವು.

ಹಣವಿದ್ದವನಿಗೆ ಖಾಲಿ ರಸ್ತೆ, ಇಲ್ಲದವನಿಗೆ ನಿಷೇಧ. ಇದೇನು ನ್ಯಾಯ ಎಂದು ನೀವು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಲಂಡನ್ನಿನ ಅನುಭವದಲ್ಲಿ ಇದರ ಎರಡು ಮುಖಗಳೂ ಕಾಣುತ್ತವೆ. ಅಲ್ಲಿ ಶುಲ್ಕದ ಜೊತೆಗೇ ಬಸ್ಸುಗಳನ್ನು ಹೆಚ್ಚಿಸಿದರು. ಬಂದ ಹಣ ಸಾರಿಗೆಗೇ ಹೋಗಬೇಕೆಂದು ಕಾನೂನು ಮಾಡಿದರು. ಕಾರಿಲ್ಲದ ಬಡವನಿಗೆ ಇದರಿಂದ ಲಾಭವಾಯಿತು. ಆದರೆ 2019ರಲ್ಲಿ ಖಾಸಗಿ ಬಾಡಿಗೆ ಕಾರುಗಳಿಗಿದ್ದ ವಿನಾಯಿತಿಯನ್ನು ತೆಗೆದರು. ಸಾಂಪ್ರದಾಯಿಕ ಕಪ್ಪು ಟ್ಯಾಕ್ಸಿಗಳಿಗೆ ಅದು ಉಳಿಯಿತು. ಬಾಡಿಗೆ ಕಾರಿನ ಚಾಲಕರಲ್ಲಿ ಬಹುಪಾಲು ಜನ ಏಷ್ಯಾ, ಆಫ್ರಿಕಾ ಮೂಲದ ಅಲ್ಪಸಂಖ್ಯಾತರು. ಇದು ತಾರತಮ್ಯವೆಂದು ಅವರ ಕಾರ್ಮಿಕ ಸಂಘ ನ್ಯಾಯಾಲಯಕ್ಕೆ ಹೋಯಿತು, ಸೋತಿತು. ದಟ್ಟಣೆ, ಹೊಗೆ ಕಡಿಮೆ ಮಾಡುವ ಉದ್ದೇಶಕ್ಕೆ ಆ ಕ್ರಮ ಸಮರ್ಥನೀಯವೆಂದು ತೀರ್ಪಾಯಿತು. ಒಂದೇ ನಿಯಮ ಎಲ್ಲರ ಮೇಲೆ ಒಂದೇ ತೂಕವಾಗಿ ಬೀಳುವುದಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

ಇದಕ್ಕೆ ಪರ್ಯಾಯವಾಗಿ ಸಂಶೋಧಕರು ಮಾರಬಹುದಾದ ಪ್ರಯಾಣ ಅಂಕಗಳ ವಿಚಾರವನ್ನು ಮುಂದಿಟ್ಟಿದ್ದಾರೆ. ಉದಾಹರಣೆಗೆ, ಒಂದು ಊರಿನ ಪ್ರತಿಯೊಬ್ಬರಿಗೂ ತಿಂಗಳಿಗೆ 20 ಅಂಕಗಳನ್ನು ಉಚಿತವಾಗಿ ಕೊಟ್ಟರೆನ್ನಿ. ದಟ್ಟಣೆಯ ಹೊತ್ತಿನಲ್ಲಿ ಕಾರು ಹೊರಟರೆ ಒಂದು ಅಂಕ ಖರ್ಚು. ದಿನಾ ಕಾರಿನಲ್ಲಿ ಹೋಗಿ ಬರುವವನಿಗೆ 40 ಬೇಕು. ಉಳಿದ 20ನ್ನು ಅವನು ಬಸ್ಸಿನಲ್ಲಿ ಹೋಗುವ ಮನೆಗೆಲಸದ ಹೆಣ್ಣುಮಗಳಿಂದ ಕೊಳ್ಳಬೇಕು. ಹಣ ಸರ್ಕಾರದ ಖಜಾನೆಗೆ ಹೋಗದೆ ನೇರವಾಗಿ ಅವಳ ಕೈ ಸೇರುತ್ತದೆ. ರಸ್ತೆಯಲ್ಲಿ ಅವಳಿಗೂ ಸಮಪಾಲಿದೆ ಎಂದು ಮೊದಲೇ ಒಪ್ಪಿಕೊಳ್ಳುವುದು ಈ ಯೋಜನೆಯ ದೊಡ್ಡ ಗುಣ.

ಆದರೆ ಸಮಪಾಲು ಬೇರೆ, ನ್ಯಾಯ ಬೇರೆ. ಬಾಡಿಗೆ ಕಡಿಮೆಯೆಂದು ಊರ ಹೊರಗೆ ಮನೆ ಮಾಡಿದವನಿಗೆ, ಬಸ್ಸೇ ಬಾರದ ಬಡಾವಣೆಯವನಿಗೆ, ವೃದ್ಧ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯುವವನಿಗೆ 20 ಅಂಕ ಸಾಲದು. ಕಷ್ಟದಲ್ಲಿರುವವನು ತಿಂಗಳ ಮೊದಲ ದಿನವೇ ಅಂಕಗಳನ್ನು ಮಾರಿ, ಕೊನೆಗೆ ದುಬಾರಿ ಬೆಲೆಗೆ ಕೊಳ್ಳಬೇಕಾದೀತು. ಮಧ್ಯವರ್ತಿಗಳು ಕೂಡಿಟ್ಟು ಮಾರಲೂಬಹುದು. ಕೃತಕ ಅಭಾವ ಸೃಷ್ಟಿಸುವ ಇಂಥ ದಾಸ್ತಾನನ್ನು ನಮ್ಮ ಶರೀಅತ್ ನಿಷೇಧಿಸಿದೆ. ಹಾಗಾಗಿ ಅಂಕಗಳಿಗೆ ಅವಧಿ, ಬೆಲೆಗೆ ಮಿತಿ, ಅಂಗವಿಕಲರಿಗೂ ರೋಗಿಗಳಿಗೂ ಹೆಚ್ಚಿನ ಪಾಲು ಇರಲೇಬೇಕು.

ಬೆಂಗಳೂರಿನಲ್ಲೂ ದಟ್ಟಣೆ ಶುಲ್ಕದ ಮಾತು ಮತ್ತೆ ಮತ್ತೆ ಕೇಳಿಬಂದಿದೆ. ಅದು ಬಂದ ದಿನ ಕೇವಲ ಪರ ಅಥವಾ ವಿರೋಧ ಎಂದು ಕೂಗಿದರೆ ಸಾಲದು. ಮೂರು ಪ್ರಶ್ನೆ ಕೇಳಬೇಕು: ಶುಲ್ಕಕ್ಕೆ ಮೊದಲು ಬಸ್ಸು ಬಂದಿದೆಯೇ? ಹಣ ಯಾರಿಗಾಗಿ ಖರ್ಚಾಗುತ್ತದೆ? ವಿನಾಯಿತಿಯ ಪಟ್ಟಿಯಲ್ಲಿ ಯಾರಿದ್ದಾರೆ, ಯಾರು ಬಿಟ್ಟುಹೋಗಿದ್ದಾರೆ? ನಮ್ಮ ಸಮುದಾಯದಲ್ಲಿ ಆಟೋ, ಟ್ಯಾಕ್ಸಿ, ಸರಕು ವಾಹನಗಳನ್ನು ನಡೆಸಿ ಸಂಸಾರ ಸಾಗಿಸುವವರು ಬಹಳ. ಪಟ್ಟಿ ತಯಾರಾಗುವ ಕೋಣೆಯಲ್ಲಿ ಅವರ ಪರವಾಗಿ ಲೆಕ್ಕ ಹಾಕಿ ಮಾತನಾಡಬಲ್ಲವರು ಬೇಕು. ಅರ್ಥಶಾಸ್ತ್ರ, ಕಾನೂನು, ನಗರ ಯೋಜನೆ ಓದುವ ವಿದ್ಯಾರ್ಥಿಗಳೇ, ಆ ಜವಾಬ್ದಾರಿ ನಿಮ್ಮದು.

ಅಲ್ಲಾಹನು ನಮಗೆಲ್ಲ ನ್ಯಾಯದ ಪರ ನಿಲ್ಲುವ ಸಾಮರ್ಥ್ಯ ನೀಡಲಿ ಎಂದು ಪ್ರಾರ್ಥಿಸುತ್ತಾ ನನ್ನ ಮಾತುಗಳನ್ನು ಮುಗಿಸುತ್ತೇನೆ. ವಸ್ಸಲಾಂ.