ಹಾಡಿನ ಹಂಚಿಕೆ ಮತ್ತು ದಂಡನೆಯ ಪ್ರಮಾಣ



ತಾವು ಮೆಚ್ಚಿದ ಹಾಡನ್ನು ಇತರರಿಗೂ ಕೇಳಿಸಬೇಕೆಂದು ಬಯಸುವುದು ಮನುಷ್ಯ ಸಹಜವಾದ ಗುಣ. ಆದರೆ ಪ್ರತಿಯೊಂದು ಹಾಡಿನ ಹಿಂದೆಯೂ ಕವಿ, ಸಂಗೀತ ಸಂಯೋಜಕ, ಗಾಯಕ, ವಾದ್ಯಗಾರರು ಹಾಗೂ ಬಂಡವಾಳ ಹೂಡಿದ ಸಂಸ್ಥೆಯ ಶ್ರಮವಿರುತ್ತದೆ. ಆ ಶ್ರಮಕ್ಕೆ ಕಾನೂನು ನೀಡುವ ರಕ್ಷಣೆಯೇ ಕೃತಿಸ್ವಾಮ್ಯ, ಅಂದರೆ ಕಾಪಿರೈಟ್. ಈ ಹಕ್ಕನ್ನು ಕಾಪಾಡುವ ಸಲುವಾಗಿ ಜನಸಾಮಾನ್ಯರನ್ನು ಎಷ್ಟರಮಟ್ಟಿಗೆ ದಂಡಿಸಬಹುದು? ಅಮೆರಿಕ ಸಂಯುಕ್ತ ಸಂಸ್ಥಾನವು ಈ ಪ್ರಶ್ನೆಯನ್ನು ಬಹು ತೀವ್ರವಾಗಿ ಎದುರಿಸಿತು. ಆ ಅನುಭವವನ್ನು ತಮ್ಮ ಮುಂದಿಡುವುದು ಈ ಭಾಷಣದ ಉದ್ದೇಶ.

1999ರಲ್ಲಿ ನ್ಯಾಪ್‌ಸ್ಟರ್ ಎಂಬ ತಂತ್ರಾಂಶ ಬಳಕೆಗೆ ಬಂದಿತು. ಒಬ್ಬರ ಗಣಕಯಂತ್ರದಲ್ಲಿದ್ದ ಹಾಡನ್ನು ಮತ್ತೊಬ್ಬರು ಅಂತರಜಾಲದ ಮೂಲಕ ಉಚಿತವಾಗಿ ನಕಲು ಮಾಡಿಕೊಳ್ಳಲು ಅದರಿಂದ ಸಾಧ್ಯವಾಯಿತು. ಧ್ವನಿಮುದ್ರಣ ಸಂಸ್ಥೆಗಳು ದಾವೆ ಹೂಡಿದವು. ನ್ಯಾಯಾಲಯದ ಆದೇಶಗಳ ಪರಿಣಾಮವಾಗಿ 2001ರಲ್ಲಿ ಆ ಸೇವೆ ನಿಂತಿತು. ಆದರೆ ನ್ಯಾಪ್‌ಸ್ಟರ್‌ಗೆ ಇದ್ದಂತಹ ಕೇಂದ್ರೀಯ ಹಾಡುಪಟ್ಟಿಯೇ ಇಲ್ಲದ ಕಜಾ ಮುಂತಾದ ತಂತ್ರಾಂಶಗಳು ಅದರ ಸ್ಥಾನಕ್ಕೆ ಬಂದವು. ಇವನ್ನು ತಡೆಯುವುದು ಕಷ್ಟವಾದಾಗ ಉದ್ಯಮವು ಬಳಕೆದಾರರತ್ತಲೇ ತಿರುಗಿತು. 2003ರ ಸೆಪ್ಟೆಂಬರ್ 8ರಂದು ಅಮೆರಿಕದ ಧ್ವನಿಮುದ್ರಣ ಉದ್ಯಮ ಸಂಘದ ನೇತೃತ್ವದಲ್ಲಿ 261 ವ್ಯಕ್ತಿಗಳ ಮೇಲೆ ಏಕಕಾಲಕ್ಕೆ ದಾವೆಗಳು ದಾಖಲಾದವು. ಮುಂದಿನ ಐದು ವರ್ಷಗಳಲ್ಲಿ ಇಂತಹ ಕ್ರಮಕ್ಕೆ ಗುರಿಯಾದವರ ಸಂಖ್ಯೆ 30,000ವನ್ನು ಮೀರಿತು.

ಈ ದಾವೆಗಳಿಗೆ ಆಧಾರ, ಪ್ರತಿಯೊಂದು ಅಂತರಜಾಲ ಸಂಪರ್ಕಕ್ಕೂ ದೊರೆಯುವ ಸಂಖ್ಯೆ. ಆ ಸಂಖ್ಯೆಯ ನೆರವಿನಿಂದ ಸಂಪರ್ಕದ ಚಂದಾದಾರ ಯಾರೆಂದು ತಿಳಿಯಬಹುದೇ ಹೊರತು, ಗಣಕಯಂತ್ರದ ಮುಂದೆ ಕುಳಿತಿದ್ದವರು ಯಾರೆಂದು ತಿಳಿಯಲಾಗದು. ಹೀಗಾಗಿ ಮೊದಲ ತಂಡದಲ್ಲಿಯೇ ನ್ಯೂಯಾರ್ಕಿನ 12 ವರ್ಷದ ಬಾಲಕಿಯೊಬ್ಬಳು ಸಿಲುಕಿದಳು. ಆಕೆಯ ತಾಯಿ 2,000 ಡಾಲರ್ ತೆತ್ತು ರಾಜಿ ಮಾಡಿಕೊಳ್ಳಬೇಕಾಯಿತು. 2005ರಲ್ಲಿ, ಅದಾಗಲೇ ನಿಧನರಾಗಿದ್ದ ವೃದ್ಧೆಯೊಬ್ಬರ ಹೆಸರಿನಲ್ಲಿಯೂ ದಾವೆ ದಾಖಲಾಗಿತ್ತು. ವಕೀಲರ ಶುಲ್ಕಕ್ಕೆ ಹೆದರಿ ಬಹುತೇಕ ಮಂದಿ ಕೆಲವು ಸಾವಿರ ಡಾಲರ್‌ಗಳನ್ನು ಕೊಟ್ಟು ರಾಜಿಯ ಹಾದಿ ಹಿಡಿದರು.

ರಾಜಿಗೆ ಒಪ್ಪದೆ ಹೋರಾಡಿದವರಲ್ಲಿ ಮಿನೆಸೋಟ ರಾಜ್ಯದ ಓರ್ವ ಮಹಿಳೆಯೂ ಇದ್ದರು. ಅವರ ವಿರುದ್ಧದ ವಿಚಾರಣೆ 24 ಹಾಡುಗಳಿಗೆ ಸಂಬಂಧಿಸಿದ್ದಿತು. ಆ ಕಾಲದಲ್ಲಿ ಒಂದು ಹಾಡನ್ನು ಅಂತರಜಾಲದಲ್ಲಿ ನ್ಯಾಯಬದ್ಧವಾಗಿ ಕೊಳ್ಳಲು 99 ಸೆಂಟ್ ಸಾಕಾಗುತ್ತಿತ್ತು. ಎಂದರೆ ಎಲ್ಲವೂ ಸೇರಿ 24 ಡಾಲರ್‌ಗೂ ಕಡಿಮೆ. 2007ರಲ್ಲಿ ಜ್ಯೂರಿಯು ವಿಧಿಸಿದ ಪರಿಹಾರ 2,22,000 ಡಾಲರ್. ಆ ತೀರ್ಪು ರದ್ದಾಗಿ, 2009ರ ಮರುವಿಚಾರಣೆಯಲ್ಲಿ ಅದು 19,20,000 ಡಾಲರ್‌ಗೆ ಏರಿತು. ನ್ಯಾಯಾಧೀಶರು ಆ ಮೊತ್ತವನ್ನು 54,000 ಡಾಲರ್‌ಗೆ ಇಳಿಸಿದರೂ ಸಂಸ್ಥೆಗಳು ಒಪ್ಪಲಿಲ್ಲ. ಮೂರನೆಯ ವಿಚಾರಣೆ, ಮೇಲ್ಮನವಿಗಳ ನಂತರ 2012ರಲ್ಲಿ ಮೊದಲಿನ 2,22,000 ಡಾಲರ್ ಮೊತ್ತವೇ ಸ್ಥಿರವಾಯಿತು. 2013ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಮೇಲ್ಮನವಿಯನ್ನು ವಿಚಾರಣೆಗೆ ಅಂಗೀಕರಿಸಲಿಲ್ಲ.

ಇದಕ್ಕೆ ಕಾರಣ ಅಲ್ಲಿನ ಕಾನೂನಿನಲ್ಲಿಯೇ ಇದೆ. ನಷ್ಟವನ್ನು ರುಜುವಾತುಪಡಿಸದಿದ್ದರೂ ಪ್ರತಿ ಕೃತಿಗೆ ಕನಿಷ್ಠ 750 ಡಾಲರ್‌ನಿಂದ, ಉದ್ದೇಶಪೂರ್ವಕ ಉಲ್ಲಂಘನೆಯಾದಲ್ಲಿ 1,50,000 ಡಾಲರ್‌ವರೆಗೆ ಪರಿಹಾರ ವಿಧಿಸಲು ಅಲ್ಲಿ ಅವಕಾಶವಿದೆ. ನಕಲು ಮಾರಿ ಲಾಭ ಗಳಿಸಿದವನಿಗೂ ಬಿಡಿಗಾಸು ಗಳಿಸದೆ ಹಂಚಿದವನಿಗೂ ಅಳತೆಗೋಲು ಒಂದೇ.

ನಮ್ಮ ದೇಶದ 1957ರ ಕೃತಿಸ್ವಾಮ್ಯ ಅಧಿನಿಯಮದ ಸ್ವರೂಪ ಬೇರೆ. ಇಲ್ಲಿ ಪ್ರತಿ ಹಾಡಿಗೆ ಇಂತಿಷ್ಟು ಎಂದು ಗೊತ್ತುಪಡಿಸಿದ ಪರಿಹಾರವಿಲ್ಲ. ಆದರೆ ಉದ್ದೇಶಪೂರ್ವಕ ಉಲ್ಲಂಘನೆ ಅಪರಾಧವಾಗಿದ್ದು, 63ನೆಯ ಕಲಮಿನ ಅನ್ವಯ ಆರು ತಿಂಗಳಿಂದ ಮೂರು ವರ್ಷಗಳವರೆಗೆ ಸೆರೆವಾಸ ಹಾಗೂ 50,000 ರೂಪಾಯಿಗಳಿಂದ ಎರಡು ಲಕ್ಷ ರೂಪಾಯಿಗಳವರೆಗೆ ಜುಲ್ಮಾನೆ ವಿಧಿಸಬಹುದು. ವ್ಯಾಪಾರದ ಲಾಭಕ್ಕಾಗಿ ಮಾಡಿದ ಕೃತ್ಯವಲ್ಲದಿದ್ದಲ್ಲಿ, ಸೂಕ್ತ ಕಾರಣಗಳನ್ನು ದಾಖಲಿಸಿ ಶಿಕ್ಷೆಯನ್ನು ಕಡಿಮೆ ಮಾಡುವ ಅಧಿಕಾರ ನ್ಯಾಯಾಲಯಕ್ಕಿದೆ. ಸ್ವಂತ ಉಪಯೋಗಕ್ಕಾಗಿ ಮಾಡುವ ನ್ಯಾಯಸಮ್ಮತ ಬಳಕೆಗೆ 52ನೆಯ ಕಲಮು ವಿನಾಯಿತಿ ನೀಡುತ್ತದೆ. ಆದರೆ ಆ ವಿನಾಯಿತಿಯನ್ನು ಸಾರ್ವಜನಿಕರಿಗೆ ಹಾಡು ಹಂಚಲು ದೊರೆತ ಪರವಾನಗಿ ಎಂದು ಭಾವಿಸಲಾಗದು. 2012ರ ತಿದ್ದುಪಡಿಯು ಚಲನಚಿತ್ರ ಗೀತೆಗಳ ಕವಿಗಳಿಗೂ ಸಂಗೀತ ಸಂಯೋಜಕರಿಗೂ ಗೌರವಧನದಲ್ಲಿ ಪಾಲು ದೊರೆಯುವಂತೆ ಮಾಡಿದೆ. ಆದ್ದರಿಂದ ಅನಧಿಕೃತ ನಕಲಿನಿಂದಾಗುವ ಹಾನಿ ಕಂಪನಿಗಷ್ಟೇ ಸೀಮಿತವಲ್ಲ. ಕವಿಯ ಮನೆಯನ್ನೂ ಅದು ಮುಟ್ಟುತ್ತದೆ.

ಅಮೆರಿಕದಲ್ಲಿ ಉದ್ಯಮವು 2008ರ ಡಿಸೆಂಬರಿನಲ್ಲಿ ಸಾಮೂಹಿಕ ದಾವೆಗಳನ್ನು ಕೈಬಿಡುವುದಾಗಿ ಪ್ರಕಟಿಸಿತು. ಅಷ್ಟು ದಾವೆಗಳ ನಂತರವೂ ಹಂಚಿಕೆ ನಿಂತಿರಲಿಲ್ಲ. ಮುಂದೆ ಅಲ್ಪ ಶುಲ್ಕಕ್ಕೆ, ಇಲ್ಲವೇ ಜಾಹೀರಾತಿನ ಆಧಾರದ ಮೇಲೆ, ಬೇಕಾದ ಹಾಡನ್ನು ಅಂತರಜಾಲದಲ್ಲಿ ಕೇಳಿಸುವ ಅಧಿಕೃತ ಸೇವೆಗಳು ಬೆಳೆದವು. 2017ರ ವೇಳೆಗೆ ಜಗತ್ತಿನ ಧ್ವನಿಮುದ್ರಣ ಉದ್ಯಮಕ್ಕೆ ಅವೇ ಅತಿ ದೊಡ್ಡ ಆದಾಯ ಮೂಲವಾದವು. ಸುಲಭವಾದ ನ್ಯಾಯಮಾರ್ಗ ದೊರೆತಾಗ ಜನರು ಅದನ್ನು ಹಿಡಿಯುತ್ತಾರೆ ಎಂಬುದಕ್ಕೆ ಇದು ನಿದರ್ಶನ.

ನಾಡಿನಿಂದ ದೂರವಿರುವ ನಮಗೆ ಕನ್ನಡ ಹಾಡು ಊರಿನ ನಂಟನ್ನು ಉಳಿಸುವ ಸಾಧನ. ಅದನ್ನು ಬಂಧುಮಿತ್ರರಿಗೆ ತಲುಪಿಸಬೇಕೆನಿಸಿದಾಗ ನಕಲು ಪ್ರತಿಯ ಬದಲು ಅಧಿಕೃತ ಸೇವೆಯ ಕೊಂಡಿಯನ್ನು ಕಳುಹಿಸೋಣ. ಕನ್ನಡ ಸಂಘಗಳು ಧ್ವನಿಮುದ್ರಿಕೆಗಳನ್ನು ಬಳಸುವ ಮುನ್ನ ಅನುಮತಿಯ ಅಗತ್ಯವನ್ನು ವಿಚಾರಿಸಿಕೊಳ್ಳಲಿ. ಹಾಡಿದವರಿಗೆ ಸಲ್ಲಬೇಕಾದುದು ಸಲ್ಲಲಿ; ತಪ್ಪಿದವರಿಗೆ ವಿಧಿಸುವ ದಂಡವೂ ತಪ್ಪಿನ ಅಳತೆಯನ್ನು ಮೀರದಿರಲಿ. ಇವೆರಡೂ ಕೂಡಿದಾಗಲೇ ಕಾನೂನಿಗೆ ಜನರ ಗೌರವ ದೊರೆಯುತ್ತದೆ.