ಉಗಿಗೆ ಹೊತ್ತು ಗೊತ್ತುಮಾಡುವುದು



ಹುಲಸೂರಿನ ಕಡೆಯವರಿಗೆ ಹೊಗೆಬಂಡಿಯೆಂದರೆ ಮೊದಲು ನೆನಪಾಗುವುದು ಭಾಲ್ಕಿಯ ನಿಲ್ದಾಣ. ವಿಕಾರಾಬಾದಿನಿಂದ ಬೀದರ, ಭಾಲ್ಕಿಗಳ ಮೇಲೆ ಪರಳಿಗೆ ಹೋಗುವ ಆ ಮಾರ್ಗವನ್ನು ನಿಜಾಮ ಸಂಸ್ಥಾನದ ರೈಲ್ವೆಯವರು ಹಾಕಿಸಿದರು. ಹುಮನಾಬಾದಿನ ಮೇಲೆ ಹಾಯುವ ಬೀದರ–ಕಲಬುರಗಿ ಮಾರ್ಗವು ಪೂರ್ತಿಯಾಗಿ ತೆರೆದುದು 2017ರಲ್ಲಿ. ಅಷ್ಟರೊಳಗೆ ದೇಶದ ದೊಡ್ಡ ಗೇಜಿನ ಹಳಿಗಳ ಮೇಲೆ ಉಗಿ ಎಂಜಿನ್ನಿನ ನಿತ್ಯದ ಓಡಾಟವು ನಿಂತು ಎರಡು ದಶಕಗಳು ಕಳೆದಿದ್ದುವು. ಆದುದರಿಂದ ಇಂದಿನ ಹುಡುಗರು ಉಗಿ ಎಂಜಿನ್ನಿನ ಮರ್ಮವನ್ನು ಅರಿಯಬೇಕಾದರೆ, ಮೈಸೂರಿನಲ್ಲಿ 1979ರಲ್ಲಿ ಸ್ಥಾಪಿತವಾದ ರೈಲ್ವೆ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಇಲ್ಲವೆ ಮೇಜಿನ ಮೇಲಿಟ್ಟು ಕಟ್ಟಬಹುದಾದ ಚಿಕ್ಕ ಮಾದರಿಯೊಂದನ್ನು ತಾವೇ ಕಟ್ಟಬೇಕು. ಸಂಗ್ರಹಾಲಯದ ಎಂಜಿನ್ನು ನಿಂತಿದ್ದರೂ ಶೋಭಿಸುವುದು. ಮಾದರಿಯಾದರೋ ಓಡಿಯೇ ತೋರಿಸಬೇಕು. ಅದು ಓಡುವುದೂ ಓಡದಿರುವುದೂ ವಾಲ್ವಿನ ಹೊತ್ತನ್ನು ಅವಲಂಬಿಸಿದೆ.

ವಾಲ್ವೆಂಬುದು ಸಿಲಿಂಡರಿನ ಬಾಗಿಲು ಕಾಯುವವನು. ಸಿಲಿಂಡರಿನ ಎರಡು ತುದಿಗಳಿಗೂ ಒಂದೊಂದು ಕಂಡಿಯುಂಟು. ಪಿಸ್ಟನ್ನು ಒಂದು ತುದಿಯನ್ನು ಮುಟ್ಟುವ ವೇಳೆಗೆ ಆ ತುದಿಯ ಕಂಡಿಯು ಕೂದಲೆಳೆಯಷ್ಟು ತೆರೆದಿರಬೇಕು. ಅದೇ ವೇಳೆಗೆ ಇನ್ನೊಂದು ತುದಿಯ ಹಳೆಯ ಉಗಿಯು ಹೊರಗೆ ಹೋಗುತ್ತಿರಬೇಕು. ಬಾಗಿಲು ತೀರ ಮೊದಲೇ ತೆರೆದರೆ ಉಗಿಯು ಬರುತ್ತಿರುವ ಪಿಸ್ಟನ್ನಿಗೆ ಎದುರಾಗಿ ನಿಂತು ಎಂಜಿನ್ನು ತನ್ನೊಡನೆ ತಾನೇ ಸೆಣಸುವುದು. ತಡವಾಗಿ ತೆರೆದರೆ ಹೊಡೆತದ ಮೊದಲ ಬಲವೇ ನಷ್ಟವಾಗುವುದು. ದೊಡ್ಡ ಎಂಜಿನ್ನು ಇದನ್ನು ಕಲ್ಲಿದ್ದಲಿನ ಖರ್ಚಿನಲ್ಲಿ ತೋರಿಸಿದರೆ, ಲೋಟದಷ್ಟು ನೀರು ಹಿಡಿಯುವ ಮಾದರಿಯು ನಾಲ್ಕು ಗಜ ಓಡಿ ಸುಮ್ಮನಾಗುವುದು.

ವಾಲ್ವನ್ನು ಆಡಿಸುವುದು ಎಕ್ಸೆಂಟ್ರಿಕ್ಕು, ಅಂದರೆ ಗಾಲಿಯ ಅಚ್ಚಿನ ಮೇಲೆ ನಡುವು ತಪ್ಪಿಸಿ ಕೂಡಿಸಿದ ಬಿಲ್ಲೆ. ಅದರಿಂದ ವಾಲ್ವಿಗೆ ಒಂದು ಸರಳು ಹೋಗುವುದು. ಬೆಲ್ಜಿಯಮ್ಮಿನ ವಾಲ್ಷಾರ್ಟ್ಸ್ ಎಂಬವರು 1844ರಲ್ಲಿ ರೂಪಿಸಿದ ಜೋಡಣೆಯಲ್ಲಿ ಇದೇ ಕೆಲಸವನ್ನು ಗಾಲಿಯ ಹೊರಗೆ ಕಾಣುವ ಚಿಕ್ಕ ತಿರುಗುಗೋಲೊಂದು ಮಾಡುವುದು. ಇಲ್ಲಿ ನಾವು ಸಾಮಾನ್ಯ ಎಕ್ಸೆಂಟ್ರಿಕ್ಕಿನ ಮಾತನ್ನೇ ಆಡೋಣ. ತಿದ್ದಬೇಕಾದುವು ಎರಡು: ಸರಳಿನ ಉದ್ದ, ಬಿಲ್ಲೆಯ ಕೋನ. ಇವೆರಡನ್ನೂ ಬೆರಸಿಕೊಂಡವನು ರಾತ್ರಿಯೆಲ್ಲ ತಿರುಪು ತಿರುವಿದರೂ ಬೆಳಗಿಗೆ ಮೊದಲಿದ್ದಲ್ಲಿಯೇ ಇರುವನು.

ಮೊದಲು ಪಿಸ್ಟನ್ನಿನ ತುದಿಸ್ಥಾನವನ್ನು ಕಂಡುಹಿಡಿಯತಕ್ಕದ್ದು. ತುದಿಯ ಹತ್ತಿರ ಗಾಲಿಯು ಕೆಲವು ಡಿಗ್ರಿ ತಿರುಗಿದರೂ ಪಿಸ್ಟನ್ನು ಅಲುಗಿದಂತೆ ತೋರದು. ಆದ್ದರಿಂದ ಇಲ್ಲಿ ಕಣ್ಣನ್ನು ನಂಬುವಂತಿಲ್ಲ. ತುದಿಗೆ ಸ್ವಲ್ಪ ಮೊದಲು ಪಿಸ್ಟನ್ ಸರಳಿನ ಮೇಲೊಂದು ಗೀರನ್ನೂ ಗಾಲಿಯ ಅಂಚಿನ ಮೇಲೊಂದು ಗೀರನ್ನೂ ಹಾಕಬೇಕು. ಗಾಲಿಯನ್ನು ತುದಿ ದಾಟಿಸಿ, ಸರಳು ಮರಳಿ ಅದೇ ಗೀರಿಗೆ ಬಂದಾಗ ಅಂಚಿನ ಮೇಲೆ ಎರಡನೆಯ ಗೀರು. ಈ ಎರಡು ಗೀರುಗಳ ನಟ್ಟನಡುವೆಯೇ ನಿಜವಾದ ತುದಿಸ್ಥಾನ.

ಇನ್ನು ವಾಲ್ವಿನ ಪೆಟ್ಟಿಗೆಯ ಮುಚ್ಚಳ ತೆಗೆದು ಎರಡು ತುದಿಸ್ಥಾನಗಳಲ್ಲಿಯೂ ಕಂಡಿಯ ತೆರಪನ್ನು ಅಳೆಯೋಣ. ಮುಂದಿನದು 0.5 ಮಿಲಿಮೀಟರು, ಹಿಂದಿನದು 0.1 ಎಂದಿಟ್ಟುಕೊಳ್ಳಿರಿ. ಹಿಂದಿನದು ಕಡಮೆಯಾಯಿತೆಂದು ಬಿಲ್ಲೆಯನ್ನು ಮುಂದಕ್ಕೆ ತಿರುಗಿಸಿದರೆ ಎರಡೂ ಕಡೆ ತೆರಪು ಹೆಚ್ಚುವುದು, 0.1 ಎಂಬುದು 0.3 ಆಗುವಾಗ 0.5 ಎಂಬುದು 0.7ರ ಹತ್ತಿರ ಹೋಗುವುದು. ಭೇದವು ಭೇದವಾಗಿಯೇ ಉಳಿಯಿತು! ಸರಳಿನ ಉದ್ದವನ್ನು ತಿದ್ದಿ ವಾಲ್ವನ್ನು 0.2ರಷ್ಟು ಸರಿಸಿದರಾದರೋ ಒಂದು ಕಡೆ ಇಳಿದು ಇನ್ನೊಂದು ಕಡೆ ಏರಿ, ಎರಡೂ 0.3 ಆಗಿ ಸಮನಾಗುವುವು. ಸಮವಾದ ಮೇಲೆ ಆ 0.3 ಎಂಬುದು ಬೇಕಾದುದಕ್ಕಿಂತ ಹೆಚ್ಚೋ ಕಡಮೆಯೋ ಎಂಬುದನ್ನು ನೋಡಿ ಬಿಲ್ಲೆಯನ್ನು ತಿರುಗಿಸಬಹುದು. ಎಂದರೆ, ಎರಡು ತುದಿಗಳಿಗೆ ಭೇದವಿದ್ದರೆ ದೋಷವು ಉದ್ದದಲ್ಲಿ. ಎರಡೂ ಸಮನಾಗಿದ್ದು ತಪ್ಪಾಗಿದ್ದರೆ ದೋಷವು ಕೋನದಲ್ಲಿ. ಉದ್ದ ಮೊದಲು, ಕೋನ ಆಮೇಲೆ.

ಅಳೆಯುವಾಗ ಗಾಲಿಯನ್ನು ಯಾವಾಗಲೂ ಒಂದೇ ದಿಕ್ಕಿನಲ್ಲಿ ತಿರುಗಿಸತಕ್ಕದ್ದು. ಇಲ್ಲವಾದರೆ ಕೀಲುಗಳ ಸಡಿಲವೇ ಲೆಕ್ಕಕ್ಕೆ ಸೇರಿಬಿಡುವುದು. ಈ ಕೆಲಸವೆಲ್ಲವೂ ಬೆಂಕಿಯಿಲ್ಲದೆ, ಎಂಜಿನ್ನು ತಣ್ಣಗಿರುವಾಗಲೇ ನಡೆಯಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಕೊನೆಯ ಪರೀಕ್ಷೆಯು ಕಣ್ಣಿನದಲ್ಲ, ಕಿವಿಯದು. ಪಂಪಿನಿಂದ ಸ್ವಲ್ಪ ಗಾಳಿಯನ್ನು ಬಿಟ್ಟು ಗಾಲಿಗಳನ್ನು ನೆಲದಿಂದ ಎತ್ತಿ ನಿಧಾನವಾಗಿ ಓಡಿಸಬೇಕು. ಎರಡು ಸಿಲಿಂಡರುಗಳ ಎಂಜಿನ್ನಿನಲ್ಲಿ ಗಾಲಿಯ ಒಂದು ಸುತ್ತಿಗೆ ನಾಲ್ಕು ಉಸಿರುಗಳು. ನಾಲ್ಕೂ ಸಮವಾಗಿ ಬಿದ್ದರೆ ಕೆಲಸವು ಮುಗಿಯಿತು. ಒಂದು ಜೋರಾಗಿ ಇನ್ನೊಂದು ಕುಂಟಿದರೆ, ಯಾವ ಸಿಲಿಂಡರಿನದೆಂದು ಗುರುತಿಸಿ ಮುಚ್ಚಳವನ್ನು ಮತ್ತೆ ತೆರೆಯತಕ್ಕದ್ದು. ಮುಂದಕ್ಕೆ ಓಡಿಸಿ ಕೇಳಿದಂತೆ ಹಿಂದಕ್ಕೂ ಓಡಿಸಿ ಕೇಳಬೇಕು. ಮಾದರಿಯೊಂದನ್ನು ಮುಂದಿಟ್ಟುಕೊಂಡಿರುವ ತರುಣರು ಇಂದೇ ಮುಚ್ಚಳವನ್ನು ಬಿಚ್ಚಿ, ತಿರುಪಿಗೆ ಕೈಹಾಕುವ ಮೊದಲು ಎರಡೂ ತುದಿಗಳ ತೆರಪನ್ನು ಅಳೆದು ಕಾಗದದ ಮೇಲೆ ಬರೆದಿಡಲಿ. ದೋಷವು ಎಲ್ಲಿದೆಯೆಂಬುದನ್ನು ಆ ಎರಡು ಅಂಕಿಗಳೇ ಹೇಳುವುವು.