ರವೆ, ಬೆಲ್ಲ ಮತ್ತು ನರವಿಜ್ಞಾನ



ನರವಿಜ್ಞಾನ ಪ್ರಯೋಗಾಲಯದಲ್ಲಿ ಕೆಳಗಿನ ಮೆಟ್ಟಿಲಿನ ಟೆಕ್ನಿಷಿಯನ್ ಕೆಲಸ ಹೇಗಿರುತ್ತದೆ, ಅದಕ್ಕೆ ನಮ್ಮ ಮಂಡ್ಯ ಜಿಲ್ಲೆಯ ಮಕ್ಕಳನ್ನು ಹೇಗೆ ಸಿದ್ಧಪಡಿಸಬೇಕು ಎಂಬುದು ಈ ಎರಡು ದಿನಗಳ ಚರ್ಚೆ. ಆಹ್ವಾನ ಪತ್ರಿಕೆ ನೋಡಿದ ಹಿರಿಯರೊಬ್ಬರು, ‘ಏನ್ ಸಾರ್, ಮೆದುಳು ಅಂದ್ಮೇಲೆ ಸೈಂಟಿಸ್ಟ್‌ಗಳ ವಿಚಾರ ಮಾತಾಡ್ಬೇಕು, ಬಾಟ್ಲು ತೊಳ್ಯೋರ ಬಗ್ಗೆ ಏನೈತೆ?’ ಎಂದರು. ಬಾಟಲಿ ತೊಳೆಯುವುದೂ ಈ ಕೆಲಸದ ಒಂದು ಭಾಗವೇ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಬಾಟಲಿಯ ಮೇಲಿನ ಚೀಟಿ ಬರೆಯುವವರೂ ಅವರೇ. ಆ ಚೀಟಿ ತಪ್ಪಾದರೆ ಮೇಲಿನವರ ಸಿದ್ಧಾಂತವೆಲ್ಲ ನೀರಿನಲ್ಲಿ ಹೋಮ. ನನ್ನ ಆಶಯವನ್ನು ಮೊದಲೇ ಹೇಳಿಬಿಡುತ್ತೇನೆ: ಟೆಕ್ನಿಷಿಯನ್‌ನ ಕೈಕೆಲಸವನ್ನು ನಾವು ವಿಜ್ಞಾನದ ಒಳಗೇ ಎಣಿಸಬೇಕು, ಮತ್ತು ಹಾಗೆಂದೇ ಕಲಿಸಬೇಕು.

ಈ ವಿಷಯಕ್ಕೂ ಮಂಡ್ಯಕ್ಕೂ ಏನು ನಂಟು ಎನ್ನುವವರು 1983ನ್ನು ನೆನೆಯಬೇಕು. ಆ ವರ್ಷ ನಮ್ಮ ಜಿಲ್ಲೆಯಲ್ಲಿ ಜಪಾನೀಸ್ ಎನ್‌ಸೆಫಲೈಟಿಸ್, ಜನರ ಬಾಯಲ್ಲಿ ಮೆದುಳು ಜ್ವರ, ಹಬ್ಬಿತು. ನಾಲೆಯ ನೀರಿನಿಂದ ಗದ್ದೆಗೆ ಭತ್ತ ಬಂತು. ಗದ್ದೆಯ ನಿಂತ ನೀರಿನಲ್ಲೇ ಈ ವೈರಾಣುವನ್ನು ಹೊರುವ ಕ್ಯೂಲೆಕ್ಸ್ ಸೊಳ್ಳೆಯೂ ಮೊಟ್ಟೆಯಿಡುತ್ತದೆ. ಹಂದಿ ಮತ್ತು ಕೊಕ್ಕರೆ ಜಾತಿಯ ಹಕ್ಕಿಗಳ ಮೈಯಲ್ಲಿ ವೈರಾಣು ಹೆಚ್ಚುತ್ತದೆ, ಸೊಳ್ಳೆಯ ಮೂಲಕ ಮಗುವಿನ ಮೆದುಳಿಗೆ ಹೋಗುತ್ತದೆ. ಆ ಸಾಂಕ್ರಾಮಿಕಕ್ಕೆ ಕಾರಣವಾದ ಸೊಳ್ಳೆಗಳು ಯಾವುವು ಎಂದು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯವರು ಅಧ್ಯಯನ ಮಾಡಿ, 1984ರಲ್ಲಿ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್‌ನಲ್ಲಿ ಪ್ರಕಟಿಸಿದರು. ಪ್ರಬಂಧದ ಶೀರ್ಷಿಕೆಯಲ್ಲೇ ಮಂಡ್ಯ ಜಿಲ್ಲೆಯ ಹೆಸರಿದೆ.

ಇಂಥ ಅಧ್ಯಯನ ನಡೆಯುವ ರೀತಿ ಗಮನಿಸಿ. ಮುಸ್ಸಂಜೆ ಹೊತ್ತಿಗೆ ಟಾರ್ಚು ಮತ್ತು ಹೀರುಗೊಳವೆ ಹಿಡಿದು ಯಾರೋ ದನದ ಕೊಟ್ಟಿಗೆಗೆ ಇಳಿಯಬೇಕು. ಗೋಡೆಗೆ ಕೂತ ಸೊಳ್ಳೆಯನ್ನು ಕಾಲು ಮುರಿಯದಂತೆ ಹಿಡಿಯಬೇಕು. ಆಮೇಲೆ ಸೂಕ್ಷ್ಮದರ್ಶಕದ ಕೆಳಗೆ ರೆಕ್ಕೆ, ಸೊಂಡಿಲು, ಕಾಲಿನ ಪಟ್ಟೆ ನೋಡಿ ಜಾತಿವಾರು ವಿಂಗಡಿಸಿ, ಎಣಿಸಿ, ಗುಂಪು ಕಟ್ಟಿ, ಶೈತ್ಯದಲ್ಲಿಡಬೇಕು. ಯಾವ ಊರು, ಯಾವ ಕೊಟ್ಟಿಗೆ, ಯಾವ ತಾರೀಖು ಎಂಬ ಚೀಟಿ ಕಳೆದುಹೋದರೆ, ಆ ಗುಂಪಿನಲ್ಲಿ ವೈರಾಣು ಸಿಕ್ಕಿಯೂ ಪ್ರಯೋಜನವಿಲ್ಲ. ಯಾವ ಹಳ್ಳಿಗೆ ಎಚ್ಚರಿಕೆ ಕೊಡಬೇಕೆಂದೇ ತಿಳಿಯುವುದಿಲ್ಲ.

ಈಗ ನಮ್ಮ ಸುತ್ತಮುತ್ತ ನೋಡಿ. ಮಂಡ್ಯದಿಂದ ರೈಲು ಹತ್ತಿದರೆ ಒಂದು ಕಡೆ ಬೆಂಗಳೂರು. 1974ರ ಡಿಸೆಂಬರ್‌ನಲ್ಲಿ ರೂಪುಗೊಂಡ ನಿಮ್ಹಾನ್ಸ್, ಭಾರತೀಯ ವಿಜ್ಞಾನ ಸಂಸ್ಥೆಯ ನರವಿಜ್ಞಾನ ಕೇಂದ್ರ, ವಿಜ್ಞಾನಿ ಒಬೈದ್ ಸಿದ್ದೀಕಿ ಕಟ್ಟಿದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ (ಎನ್‌ಸಿಬಿಎಸ್) ಎಲ್ಲವೂ ಅಲ್ಲಿವೆ. ಇನ್ನೊಂದು ಕಡೆ ಇನ್ನೂ ಹತ್ತಿರದ ಮೈಸೂರು. ಅಲ್ಲಿನ ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಡ್ರೊಸೊಫಿಲ ಸ್ಟಾಕ್ ಸೆಂಟರ್ ಇದೆ. ಹಣ್ಣಿನ ನೊಣಗಳ ತಳಿಗಳನ್ನು ಅಲ್ಲಿ ತಲೆಮಾರಿನಿಂದ ತಲೆಮಾರಿಗೆ ಕಾಪಾಡಿಕೊಂಡು ಬಂದಿದ್ದಾರೆ. ಸಿದ್ದೀಕಿಯವರೂ ವೆರೋನಿಕಾ ರಾಡ್ರಿಗಸ್ ಅವರೂ ವಾಸನೆ, ರುಚಿ ಹೇಗೆ ನರಗಳಲ್ಲಿ ಹರಿಯುತ್ತವೆ ಎಂದು ಕೇಳಿದ್ದು ಈ ನೊಣವನ್ನೇ.

ನೊಣದ ಲ್ಯಾಬಿಗೆ ಹೊಸದಾಗಿ ಸೇರಿದವರ ಮೊದಲ ಕೆಲಸ ಅಡುಗೆ. ಮೈಸೂರಿನ ಪಾಕ ಹೀಗಿದೆ: ಒಂದು ಲೀಟರ್ ನೀರಿಗೆ 100 ಗ್ರಾಂ ಗೋಧಿ ರವೆ, 100 ಗ್ರಾಂ ಬೆಲ್ಲ, 10 ಗ್ರಾಂ ಅಗರ್, ಬೂಸ್ಟು ಹಿಡಿಯದಿರಲು 7.5 ಮಿಲಿಲೀಟರ್ ಪ್ರೊಪಿಯಾನಿಕ್ ಆಮ್ಲ. ಕೇಳಲು ಉಪ್ಪಿಟ್ಟಿಗಿಂತ ಸುಲಭ. ಮಾಡಿ ನೋಡಿದಾಗ ಗೊತ್ತಾಗುತ್ತದೆ: ರವೆ ಗಂಟು ಕಟ್ಟಬಾರದು, ತಳ ಹಿಡಿಯಬಾರದು. ಕುದಿಯುತ್ತಿರುವಾಗಲೇ ಆಮ್ಲ ಹಾಕಿದರೆ ಆವಿಯಾಗಿ ಹೋಗುತ್ತದೆ, ವಾರದಲ್ಲಿ ಬಾಟಲಿ ತುಂಬ ಬೂಸ್ಟು. ತೀರಾ ಆರಿಸಿದರೆ ಅಗರ್ ಪಾತ್ರೆಯಲ್ಲೇ ಗಟ್ಟಿಯಾಗುತ್ತದೆ. ಸುರಿದ ಮೇಲೆ ಬಾಟಲಿಯ ಒಳಗೋಡೆಯ ನೀರಹನಿ ಒಣಗುವ ತನಕ ಕಾಯಬೇಕು, ಇಲ್ಲವಾದರೆ ನೊಣ ಅಂಟಿಕೊಂಡು ಸಾಯುತ್ತದೆ. ಪಾಕದ ಹದವನ್ನು ಕಣ್ಣಲ್ಲೇ ಹಿಡಿಯುವ ಆಲೆಮನೆಗಳ ಜಿಲ್ಲೆ ನಮ್ಮದು. ನಮ್ಮ ಮಕ್ಕಳಿಗೆ ಇದನ್ನು ಕಲಿಸಲು ಎಷ್ಟು ಹೊತ್ತು ಬೇಕು?

ಎರಡನೆಯ ಕೆಲಸ ಇನ್ನೂ ನಾಜೂಕು. ತಳಿ ಅಡ್ಡಹಾಯಿಸಲು ಗಂಡಿನ ಸಂಪರ್ಕವಾಗದ ಹೆಣ್ಣು ನೊಣ ಬೇಕು. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೋಶದಿಂದ ಹೊರಬಂದ ಹೆಣ್ಣು ಸುಮಾರು ಎಂಟು ಗಂಟೆಯೊಳಗೆ ಕೂಡುವುದಿಲ್ಲ. ಹಾಗಾಗಿ ಬೆಳಿಗ್ಗೆ ಬಂದವನೇ ಬಾಟಲಿ ಖಾಲಿ ಮಾಡಿ, ಸಂಜೆಯೊಳಗೆ ಹೊಸದಾಗಿ ಹುಟ್ಟಿದವನ್ನು ಮಂಪರು ಬರಿಸಿ, ಸಣ್ಣ ಕುಂಚದಲ್ಲಿ ಹೆಣ್ಣು, ಗಂಡು ಬೇರ್ಪಡಿಸಬೇಕು. ಮದುವೆ ಇದೆ, ಬಸ್ಸು ಹೋಗುತ್ತೆ ಅಂದರೆ ನೊಣ ಕೇಳುವುದಿಲ್ಲ. ಒಂದೇ ಒಂದು ಕೂಡಿದ ಹೆಣ್ಣು ಒಳಸೇರಿದರೂ ಮುಂದಿನ ಪೀಳಿಗೆಯ ಲೆಕ್ಕವೆಲ್ಲ ಕೆಡುತ್ತದೆ, ಮತ್ತು ಅದು ಕೆಟ್ಟಿದೆ ಎಂದು ಹೊರಗಿನಿಂದ ಯಾರಿಗೂ ಕಾಣುವುದಿಲ್ಲ. ಹೊತ್ತು ಮೀರಿತ್ತು, ಈ ಬಾಟಲಿ ಬಳಸಬೇಡಿ ಎಂದು ಪುಸ್ತಕದಲ್ಲಿ ಬರೆದಿಡುವ ಟೆಕ್ನಿಷಿಯನ್ ಸಿಕ್ಕಿದ ಲ್ಯಾಬು ಪುಣ್ಯ ಮಾಡಿರಬೇಕು.

ಮಳವಳ್ಳಿ, ಮದ್ದೂರು ಕಡೆಯಿಂದ ಬಂದವರು ಇಷ್ಟರಲ್ಲಿ ಮನಸ್ಸಿನಲ್ಲೇ ನಗುತ್ತಿರಬಹುದು. ರೇಷ್ಮೆ ಮನೆಯಲ್ಲಿ ಬೆಳೆದವರಿಗೆ ಇದೇನು ಹೊಸತು? ಚಾಕಿ ಹುಳುವಿಗೆ, ಅಂದರೆ ಎಳೆಯ ಹುಳುವಿಗೆ, 27-28 ಡಿಗ್ರಿ ಶಾಖ, ಶೇಕಡ 85-90 ತೇವಾಂಶ ಬೇಕು. ಹುಳು ಪೊರೆ ಕಳಚಲು ಜ್ವರಕ್ಕೆ ಕೂತಾಗ ಸೊಪ್ಪು ಹಾಕಬಾರದು. ಮನೆಗೆ ಸೋಂಕು ನಿವಾರಣೆ ಮಾಡದೆ ಮುಂದಿನ ಬೆಳೆಗೆ ಕೈಹಾಕಬಾರದು. ಇದನ್ನೆಲ್ಲ ಅಮ್ಮಂದಿರು ರಾತ್ರಿ ಎದ್ದು ಮಾಡುತ್ತಾರೆ. ಈ ರೇಷ್ಮೆ ಚಿಟ್ಟೆ ನರವಿಜ್ಞಾನದ ಇತಿಹಾಸದಲ್ಲಿ ದೊಡ್ಡ ಪಾತ್ರಧಾರಿ. 1957ರಲ್ಲಿ ಜರ್ಮನಿಯ ಡೀಟ್ರಿಕ್ ಶ್ನೈಡರ್ ಗಂಡು ರೇಷ್ಮೆ ಚಿಟ್ಟೆಯ ಮೀಸೆಗೆ ವಿದ್ಯುದಗ್ರ ಜೋಡಿಸಿ, ಹೆಣ್ಣಿನ ವಾಸನೆಗೆ ಅದು ಕೊಡುವ ವಿದ್ಯುತ್ ಸ್ಪಂದನೆಯನ್ನು ದಾಖಲಿಸಿದ. 1959ರಲ್ಲಿ ಅಡಾಲ್ಫ್ ಬುಟೆನಾಂಟ್‌ನ ತಂಡ ಆ ವಾಸನೆಯ ರಾಸಾಯನಿಕ ಬಾಂಬಿಕಾಲ್ ಎಂದು ತೋರಿಸಿತು. ಅದಕ್ಕೆ ಸುಮಾರು ಐದು ಲಕ್ಷ ಹೆಣ್ಣು ಚಿಟ್ಟೆಗಳ ಗ್ರಂಥಿ ಬೇಕಾಯಿತು. ಪುಸ್ತಕದಲ್ಲಿ ಬುಟೆನಾಂಟ್ ಹೆಸರಿದೆ. ಐದು ಲಕ್ಷ ಚಿಟ್ಟೆಗಳ ಹಿಂಬದಿಯಿಂದ ಗ್ರಂಥಿ ಕತ್ತರಿಸಿದ ಕೈಗಳು ಎಷ್ಟೋ!

ಮನುಷ್ಯನ ಮೆದುಳಿನ ಮಾತಿಗೆ ಬಂದರೆ ಜವಾಬ್ದಾರಿಯ ಸ್ವರೂಪವೇ ಬದಲಾಗುತ್ತದೆ. ನಿಮ್ಹಾನ್ಸ್‌ನಲ್ಲಿ 1995ರಿಂದ ಮೆದುಳು ಬ್ಯಾಂಕ್ ಇದೆ. ಬಂಧುಗಳ ಒಪ್ಪಿಗೆಯಿಂದ ಬಂದ ಮೆದುಳಿನ ಒಂದು ಭಾಗ ಫಾರ್ಮಲಿನ್‌ಗೆ, ಇನ್ನೊಂದು ಭಾಗ ಸೊನ್ನೆಗಿಂತ 80 ಡಿಗ್ರಿ ಕೆಳಗಿನ ಫ್ರೀಜರಿಗೆ ಹೋಗುತ್ತದೆ. ಫಾರ್ಮಲಿನ್‌ನಲ್ಲಿ ವಾರಗಟ್ಟಲೆ ಗಟ್ಟಿಯಾದ ಅಂಗಾಂಶವನ್ನು ಮೇಣದಲ್ಲಿ ಕೂರಿಸಿ, ಮೈಕ್ರೊಟೋಮ್‌ನಲ್ಲಿ ಮಿಲಿಮೀಟರಿನ ಇನ್ನೂರರಲ್ಲಿ ಒಂದು ಭಾಗದಷ್ಟು, ಅಂದರೆ ಐದು ಮೈಕ್ರಾನ್ ತೆಳ್ಳಗೆ ಸೀಳಿ, ಬೆಚ್ಚನೆಯ ನೀರಿನ ಮೇಲೆ ತೇಲಿಸಿ, ಸುಕ್ಕಿಲ್ಲದಂತೆ ಗಾಜಿನ ಮೇಲೆತ್ತುವುದು ಟೆಕ್ನಿಷಿಯನ್ ಕೆಲಸ. ಫ್ರೀಜರಿನ ಅಲಾರಂ ಮಧ್ಯರಾತ್ರಿ ಹೊಡೆದರೆ ಓಡಬೇಕಾದವರಲ್ಲೂ ಅವರಿರುತ್ತಾರೆ. ಒಂದು ಮನೆಯವರು ದುಃಖದ ನಡುವೆ ಕೊಟ್ಟದ್ದು ಆ ಪೆಟ್ಟಿಗೆಯಲ್ಲಿದೆ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇನ್ನೊಂದು ಬಾಗಿಲೂ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮೆದುಳು ಸಂಶೋಧನಾ ಕೇಂದ್ರ, ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ ಸುಮಾರು 10,000 ಜನರ ಮೆದುಳಿನ ಆರೋಗ್ಯವನ್ನು ವರ್ಷಗಳ ಕಾಲ ಗಮನಿಸುವ ಗುರಿಯಿಟ್ಟುಕೊಂಡಿದೆ. ಶಾಲೆಯ ಮುಖ ನೋಡದ ಅಜ್ಜಿಯ ನೆನಪಿನ ಶಕ್ತಿಯನ್ನು ಅಳೆಯಬೇಕಾದರೆ, ಮೊದಲು ಅವಳ ಜಗಲಿಯಲ್ಲಿ ಕೂತು ಮಳೆ, ಬೆಳೆ ವಿಚಾರಿಸಲು ಬರಬೇಕು. ಇಂಗ್ಲಿಷ್ ಚೆನ್ನಾಗಿರುವವರೆಲ್ಲ ಈ ಕೆಲಸಕ್ಕೆ ಆಗಿಬರುವುದಿಲ್ಲ.

ಇಷ್ಟು ಹೇಳಿ ಕಷ್ಟದ ಮಾತನ್ನು ಬಿಟ್ಟರೆ ತಪ್ಪಾಗುತ್ತದೆ. ಈ ಹುದ್ದೆಗಳಲ್ಲಿ ಬಹುಪಾಲು ಪ್ರಾಜೆಕ್ಟಿನ ಹಣಕ್ಕೆ ಗಂಟುಬಿದ್ದವು. ಪ್ರಾಜೆಕ್ಟ್ ಮುಗಿದರೆ ಕೆಲಸವೂ ಮುಗಿಯಿತು. ಬೆಂಗಳೂರಿನ ಬಾಡಿಗೆ ಕಟ್ಟಿದ ಮೇಲೆ ಊರಿಗೆ ಕಳಿಸಲು ಹೆಚ್ಚೇನೂ ಉಳಿಯದು. ಕೆಲವರು ಎರಡು ವರ್ಷ ದುಡಿದು ಪಿಎಚ್.ಡಿ.ಗೆ ಹೋಗುತ್ತಾರೆ, ಕೆಲವರು ಇದರಲ್ಲೇ ನುರಿತವರಾಗುತ್ತಾರೆ. ಎರಡನೆಯವರನ್ನು ಮುಂದೆ ಬಾರದವರು ಎಂದು ನೋಡುವುದು ನಮ್ಮ ಸಣ್ಣತನ. ಪ್ರಬಂಧದ ಕೊನೆಯಲ್ಲಿ ‘ತಾಂತ್ರಿಕ ನೆರವಿಗೆ ಧನ್ಯವಾದ’ ಎಂಬ ಹೆಸರಿಲ್ಲದ ಸಾಲು ಇನ್ನೂ ನಡೆದುಕೊಂಡು ಬಂದಿದೆ. ಸಂಶೋಧನಾ ಸಂಸ್ಥೆಗಳಿಂದ ಬಂದಿರುವ ಹಿರಿಯರಿಗೆ ಆ ಸಾಲಿನಲ್ಲಿ ಹೆಸರು ಬರೆಯಲು ಯಾರ ಅಪ್ಪಣೆಯೂ ಬೇಕಿಲ್ಲ. ಕೆಲಸಕ್ಕೆ ಸೇರುವವರೂ ಒಪ್ಪಂದದ ಅವಧಿ, ರಜೆ, ಫಾರ್ಮಲಿನ್‌ನಂಥ ರಾಸಾಯನಿಕಗಳಿಂದ ರಕ್ಷಣೆ ಇವನ್ನು ನಾಚದೆ ಕೇಳಬೇಕು. ಸೇರುವ ದಿನವೇ ಕೇಳಬೇಕು.

ಅಧ್ಯಾಪಕರಿಗೆ ನನ್ನದೊಂದೇ ಕೋರಿಕೆ. ನಮ್ಮ ಪ್ರಾಣಿಶಾಸ್ತ್ರದ ಪ್ರಾಯೋಗಿಕ ತರಗತಿಗಳು ಬಹುಮಟ್ಟಿಗೆ ಚಿತ್ರ ಬರೆದು ಸಹಿ ಹಾಕಿಸುವುದಕ್ಕೆ ಇಳಿದಿವೆ. ರೆಕಾರ್ಡ್ ಪುಸ್ತಕ ಅಂದವಾಗಿರುತ್ತದೆ, ಅದರೊಳಗೆ ಆ ದಿನ ನಿಜವಾಗಿ ಏನಾಯಿತು ಎಂಬುದೇ ಇರುವುದಿಲ್ಲ. ಒಂದು ಕಪಾಟಿನಷ್ಟು ಜಾಗ, ಒಂದಿಷ್ಟು ಹಾಲಿನ ಬಾಟಲಿ, ಹತ್ತಿ ಮುಚ್ಚಳ, ಒಂದು ಥರ್ಮಾಮೀಟರ್ ಇದ್ದರೆ ನೊಣದ ಸಾಕಣೆ ಶುರುವಾಗುತ್ತದೆ. ತಳಿ ಮೈಸೂರಿನಲ್ಲಿದೆ, ಬೆಲ್ಲ ಇಲ್ಲೇ ಇದೆ. ಮಕ್ಕಳು ಸರದಿಯ ಮೇಲೆ ಭಾನುವಾರವೂ ಬಂದು ಶಾಖ ಬರೆಯಲಿ, ಕೆಟ್ಟದ್ದನ್ನು ಕೆಟ್ಟಿತೆಂದೇ ಬರೆಯಲಿ. ಹಾಗೆ ಬರೆದವರಿಗೆ ಅಂಕ ಕೊಡಿ. ಮಧ್ಯಾಹ್ನದ ಗೋಷ್ಠಿಯಲ್ಲಿ ಪ್ರತಿ ಕಾಲೇಜಿನಿಂದ ಒಬ್ಬರು ಎದ್ದು, ಈ ಸೆಮಿಸ್ಟರಿನಲ್ಲಿ ನಮ್ಮ ಲ್ಯಾಬಿನಲ್ಲಿ ಇಂಥದ್ದನ್ನು ಆರಂಭಿಸುತ್ತೇವೆ ಎಂದು ಹೇಳಿ ಕೂರಬೇಕೆಂದು ಕೇಳಿಕೊಳ್ಳುತ್ತೇನೆ. ಸಂಘಟಕರು ಅದನ್ನು ಬರೆದಿಟ್ಟುಕೊಂಡು, ಪರೀಕ್ಷೆಗೆ ಮುಂಚೆ ಒಮ್ಮೆ ಫೋನ್ ಮಾಡಿ ವಿಚಾರಿಸಲಿ.